ಬಿಸಿಲಿಗಿಟ್ಟ ಎಂಟು ಲೋಟ

ಗಿರಿಜಕ್ಕ, ಆ ಮರಿಗಳನ್ನು ಕೊಂದದ್ದು ನಿಮ್ಮ ಕುಂಕುಮ ಅಲ್ಲ. ಕುಂಕುಮ ನೀರಿಗೆ ಬಿದ್ದೇ ಇರಲಿಲ್ಲ. ಅದು ನನಗೆ ಆ ಬೆಳಿಗ್ಗೆಯೇ ಗೊತ್ತಿತ್ತು — ಗೊತ್ತಿದ್ದೂ ಸರ್ ಎದುರಿಗೆ ನಿಮ್ಮ ಹೆಸರು ಹೇಳಿದೆ. ಇನ್ನೂ ಒಂದಿದೆ. ಬರಿ ನೀರಿನ ನಾಲ್ಕು ಲೋಟಗಳಲ್ಲಿ ಹತ್ತೊಂಬತ್ತು ಮರಿಗಳು ಬದುಕಿ ಈಜುತ್ತಿದ್ದವು. ಅವನ್ನು ಸಿಂಕಿಗೆ ಸುರಿದು ಮೇಲೆ ನಲ್ಲಿ ಬಿಟ್ಟವಳು ನಾನು.

ನೀವು ನನಗೆ ಲೆಕ್ಕದಮ್ಮ ಅಂತ ಹೆಸರಿಟ್ಟಿದ್ದಿರಿ. ಬಸ್ಸಿಗೆ ಕಾದ ನಿಮಿಷ, ಕುಡಿದ ಚಹಾ, ದಾರಿಯಲ್ಲಿ ಕಂಡ ಕೊಕ್ಕರೆ — ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವ ಹುಡುಗಿ. "ಎಂತ ಬರೀತೀಯೆ ಮಾರಾಯ್ತಿ ಅಷ್ಟೊಂದು, ಚಿತ್ರಗುಪ್ತನೂ ಇಷ್ಟು ಬರ್ಕಳದಿಲ್ಲ" ಅಂತ ನಗುತ್ತಿದ್ದಿರಿ. ಆ ದಿನದ ಲೆಕ್ಕವೂ ನನ್ನ ದಿನಚರಿಯಲ್ಲಿ ಸರಿಯಾಗಿಯೇ ಇದೆ. ನಾಲ್ಕು ವರ್ಷದಿಂದ ಇದೆ. ಪ್ರಯೋಗಾಲಯದ ರಿಜಿಸ್ಟರಿನಲ್ಲಿ ಮಾತ್ರ...

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬಿಡಿಸಿ ಬರೆಯುತ್ತೇನೆ. ಈ ಕಾಗದದ ಒಂದು ಪ್ರತಿ ನಮ್ಮ ಪ್ರಯೋಗಾಲಯ ನಡೆಸುವ ಸರ್ ಕೈಗೆ ಹೋಗುತ್ತದೆ. ಪರೀಕ್ಷೆಗೆಂದು ಪುಡಿ ಕಳಿಸಿದವರೂ ಓದಬೇಕು.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ಪ್ರಯೋಗಾಲಯ — ಮೂರು ಕೋಣೆ, ಹಿಂದೊಂದು ಅಂಗಳ. ಮಣ್ಣು, ನೀರು ಪರೀಕ್ಷೆ ಮಾಡಿಕೊಡುವ ಜಾಗ. ನಾನು ಎಂ.ಎಸ್ಸಿ. ಮುಗಿಸಿ ಸೇರಿದಾಗ ನೀವು ಆಗಲೇ ಆರು ವರ್ಷದಿಂದ ಅಲ್ಲಿದ್ದಿರಿ; ನಿಮ್ಮೂರು ಜಡೆಯಿಂದ ದಿನಾ ಎರಡು ಬಸ್ಸು ಹಿಡಿದು ಬರುತ್ತಿದ್ದಿರಿ. ಗಾಜು ತೊಳೆಯುವುದು ನಿಮ್ಮ ಕೆಲಸ ಎಂದು ಕಾಗದದ ಮೇಲಿತ್ತು. ನಿಜವಾದ ಕೆಲಸ ನೀರುಚಿಗಟಗಳನ್ನು ಸಾಕುವುದು. ಕೆರೆಯಲ್ಲಿರುವ, ಸಾಸಿವೆ ಕಾಳಿಗಿಂತ ಹೆಚ್ಚು ದೊಡ್ಡದಲ್ಲದ, ಕುಪ್ಪಳಿಸಿ ಕುಪ್ಪಳಿಸಿ ಈಜುವ ಜೀವ ಅದು. ಮೀನಿನ ಮರಿಗೆ ಅದು ಅನ್ನ. ಮೀನು ಗುಡವಿ ಕೆರೆಯ ಹಕ್ಕಿಗಳಿಗೆ ಅನ್ನ. ನೀರು ಕೆಟ್ಟರೆ ಮೊದಲು ಹೇಳುವುದು ಅದೇ, ಅದಕ್ಕೇ ಪರೀಕ್ಷೆಗೆ ಅದನ್ನು ಆರಿಸುತ್ತಾರೆ. ಹಿಂದಿನ ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಕ್ಯಾನುಗಳನ್ನಿಟ್ಟು, ಪಾಚಿಯ ಹಸಿರು ನೀರು ಬೆಳೆಸಿ, ಅವಕ್ಕೆ ಉಣ್ಣಿಸುತ್ತಿದ್ದಿರಿ. ಅವುಗಳ ಕೋಣೆಯ ಕೀಲಿ ಸದಾ ನಿಮ್ಮ ಸೊಂಟದಲ್ಲಿ. ಪುಸ್ತಕದಲ್ಲಿ ಅವಕ್ಕೆ ಬೇರೆ ಹೆಸರಿದೆ. ನಿಮಗೆ ಅವು ಮರಿಗಳು.

ಸೇರಿದ ಮೂರನೇ ದಿನ ಒಂದು ಮರಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನಿಮ್ಮನ್ನು ಕರೆದೆ. ಆರು ವರ್ಷ ಸಾಕಿದ್ದಿರಿ, ಒಮ್ಮೆಯೂ ನೋಡಿರಲಿಲ್ಲ — ನೋಡಿ ಎಂದು ಯಾರೂ ಅಂದಿರಲಿಲ್ಲ. ಇಟ್ಟ ಕಣ್ಣನ್ನು ನೀವು ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಗಾಜಿನಂಥ ಮೈ. ಬೆನ್ನಿನ ಹತ್ತಿರ ಹೃದಯ, ಎಣಿಸಲು ಬಿಡದಷ್ಟು ಬೇಗ ಬಡಿಯುತ್ತಿತ್ತು. ಹಸಿರು ದಾರದಂಥ ಕರುಳು. ಬೆನ್ನ ಚೀಲದಲ್ಲಿ ಪುಟಾಣಿಗಳು, ಒಂದೊಂದಕ್ಕೂ ಕಪ್ಪು ಚುಕ್ಕಿಯಂಥ ಒಂದೊಂದು ಕಣ್ಣು.

"ಬಸುರಿ ಕಣೆ ಇದು," ಅಂದಿರಿ. ಆಮೇಲೆ, "ಇದ್ಕೆ ಮುಚ್ಚಿಡಾಕೆ ಎಂತೂ ಇಲ್ಲ ನೋಡು."

ಆ ಮಾತನ್ನೂ ಬರೆದುಕೊಂಡೆ. ಹೃದಯದ ಬಡಿತವನ್ನು ಎಣಿಸಿಯೇ ತೀರಬೇಕೆಂದು ಮೂರು ಸಲ ಕೂತೆ, ಮೂರು ಸಲವೂ ಸೋತೆ. ದಿನಚರಿಯಲ್ಲಿ ಆ ಜಾಗ ಇಂದಿಗೂ ಖಾಲಿಯಿದೆ. ನಾನು ಸಂತೋಷದಿಂದ ಖಾಲಿ ಬಿಟ್ಟ ಒಂದೇ ಜಾಗ ಅದು.

ಆ ವರ್ಷ ಪರೀಕ್ಷೆಗೆಂದು ಹೊರಗಿನಿಂದ ಒಂದು ಪುಡಿ ಬಂತು. ಟೈಟಾನಿಯಂ ಎಂಬ ಲೋಹದ ಆಕ್ಸೈಡ್. ಗೋಡೆಯ ಬಿಳಿ ಬಣ್ಣದಲ್ಲಿ ಇರುವುದು ಅದೇ. ಆದರೆ ಇದನ್ನು ನ್ಯಾನೊ ಗಾತ್ರಕ್ಕೆ ಇಳಿಸಿದ್ದರು — ಒಂದು ಕೂದಲಿನ ಅಗಲದಲ್ಲಿ ಸಾಲಾಗಿ ನಿಲ್ಲಿಸಿದರೆ ಸಾವಿರಾರು ಕಣ ಹಿಡಿಸುವಷ್ಟು ಸಣ್ಣದು. ಭತ್ತದ ಎಲೆಗೆ ಸಿಂಪಡಿಸಿದರೆ ಪೈರು ಹಸಿರೇರುತ್ತದೆ ಎಂದು ಕಳಿಸಿದವರ ನಂಬಿಕೆ. ಸಿಂಪಡಿಸಿದ್ದು ಗದ್ದೆಯ ನೀರಿಗೆ ಇಳಿಯುತ್ತದೆ, ಗದ್ದೆಯ ನೀರು ಕಾಲುವೆಗೆ, ಅಲ್ಲಿಂದ ಕೆರೆಗೆ. ಕೆರೆಯ ಜೀವಕ್ಕೆ ತೊಂದರೆ ಇದೆಯೇ ಎಂದು ನೋಡಿ ಹೇಳುವುದು ನಮ್ಮ ಪಾಲಿನ ಕೆಲಸ. ಸಿಂಪಡಣೆಗೆ ಆರಿಸಿದ ಗದ್ದೆಗಳಲ್ಲಿ ಎರಡು ನಿಮ್ಮ ಜಡೆಯ ಕಡೆಯವೇ.

ಸಣ್ಣದಾದರೆ ಏನು ಬೇರೆ ಎಂದು ನೀವು ಕೇಳಿದಿರಿ. ಬೆಲ್ಲದ ಅಚ್ಚು ನೀರಿನಲ್ಲಿ ಕರಗಲು ಹೊತ್ತು ಹಿಡಿಯುತ್ತದೆ, ಪುಡಿ ಮಾಡಿ ಹಾಕಿದರೆ ತಕ್ಷಣ ಕರಗುತ್ತದೆ ಎಂದೆ. ತೂಕ ಅದೇ, ಆದರೆ ನೀರಿಗೆ ತಾಗುವ ಮೈ ಹೆಚ್ಚು. ಈ ಪುಡಿ ಕರಗುವುದಿಲ್ಲ, ಆದರೂ ಹಾಗೇ — ನೀರಿಗೆ, ಬೆಳಕಿಗೆ, ಜೀವಕ್ಕೆ ತಾಗುವ ಮೈ ಇದರಲ್ಲಿ ಬಹಳ.

"ಹಂಗಾರೆ ಗಟ್ಟಿ ಇದ್ದಾಗ ಸಾಧು ಆಗಿದ್ದು, ಪುಡಿಯಾದ ಮೇಲೆ ಜಗಳಗಂಟಿ ಆಗಬೌದು ಅನ್ನು," ಅಂದಿರಿ. ನನ್ನ ಪುಸ್ತಕಗಳು ಅದನ್ನು ಹೇಳಲು ಇಡೀ ಅಧ್ಯಾಯ ತೆಗೆದುಕೊಂಡಿದ್ದವು.

ಪರೀಕ್ಷೆಯ ಕ್ರಮ ಹೀಗಿತ್ತು. ಎಂಟು ಗಾಜಿನ ಲೋಟ. ನಾಲ್ಕರಲ್ಲಿ ಪುಡಿ ಬೆರೆಸಿದ ನೀರು, ನಾಲ್ಕರಲ್ಲಿ ಬರಿ ನೀರು. ಲೋಟಕ್ಕೆ ಐದರಂತೆ, ಹುಟ್ಟಿ ಒಂದು ದಿನವೂ ಆಗದ ಮರಿಗಳು. ಟ್ಯೂಬ್‌ಲೈಟ್ ಇರುವ, ಬಿಸಿ ಏರದ ಕಪಾಟಿನಲ್ಲಿ ಎರಡು ದಿನ. ಆಮೇಲೆ ಲೋಟವನ್ನು ಮೆಲ್ಲಗೆ ಅಲುಗಿಸಿ ಹದಿನೈದು ಸೆಕೆಂಡು ಕಾಯಬೇಕು. ಅಷ್ಟರಲ್ಲಿ ಈಜದ ಮರಿಯನ್ನು ಹೋದವುಗಳ ಪಟ್ಟಿಗೆ ಸೇರಿಸಬೇಕು. ಬರಿ ನೀರಿನ ಲೋಟಗಳು ಸಾಕ್ಷಿ ಇದ್ದ ಹಾಗೆ: ಅಲ್ಲಿ ಇಪ್ಪತ್ತರಲ್ಲಿ ಎರಡಕ್ಕಿಂತ ಹೆಚ್ಚು ಹೋದರೆ ಇಡೀ ಪರೀಕ್ಷೆ ರದ್ದು. ಅಲ್ಲಿ ಬದುಕಿದ್ದರೆ, ಪಕ್ಕದ ಲೋಟದ ಸಾವಿಗೆ ಪುಡಿ ಉತ್ತರ ಹೇಳಬೇಕು.

ಒಂದು ಸುತ್ತಿನ ನಡುವೆ ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಯಾವ ಯಂತ್ರವೂ ದುಡಿಯುವುದಿಲ್ಲ. ಸರ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತಕ್ಕಡಿ, ಸೂಕ್ಷ್ಮದರ್ಶಕ, ಬೆಳಕಿನ ಕಪಾಟು — ಎಲ್ಲವನ್ನೂ ಒರೆಸಿ ಅರಿಸಿನ ಕುಂಕುಮ ಇಟ್ಟು, ಸ್ವಿಚ್ಚು ಆರಿಸಿದರೆ ವಿಜಯದಶಮಿಯ ಬೆಳಿಗ್ಗೆಯೇ ಮತ್ತೆ ಹಾಕುವುದು. ಕಪಾಟು ಆರಿಸಿದ ಮೇಲೆ ಲೋಟಗಳನ್ನು ಮರಿಗಳ ಕೋಣೆಯ ತಂಪಿನಲ್ಲಿಡಿ, ಹೊರಗೆ ತರಬೇಡಿ ಎಂದು ಸರ್ ನನಗೆ ಹೇಳಿದ್ದರು. ನಾನು ಬರೆದುಕೊಂಡಿದ್ದೆ.

ಪೂಜೆಯ ದಿನ ಬೆಳಿಗ್ಗೆ ಏಳೂವರೆಗೆ ಮೊದಲ ಎಣಿಕೆ: ಎಂಟೂ ಲೋಟಗಳಲ್ಲಿ ನಲವತ್ತಕ್ಕೆ ನಲವತ್ತೂ ಈಜುತ್ತಿದ್ದವು. ಕಪಾಟು ಖಾಲಿ ಮಾಡಬೇಕಿತ್ತು. ಮರಿಗಳ ಕೋಣೆಗೆ ಬೀಗ. ನೀವು ಬರಲು ಇನ್ನೂ ಕಾಲು ಗಂಟೆ. ಕಾಯಬಹುದಿತ್ತು. ಲೋಟಗಳ ತಟ್ಟೆಯನ್ನು ಎತ್ತಿಕೊಂಡು ಹಿಂದಿನ ಅಂಗಳಕ್ಕೆ ಹೋಗಿ, ನಿಮ್ಮ ಕ್ಯಾನುಗಳ ಪಕ್ಕ ಕಟ್ಟೆಯ ಮೇಲಿಟ್ಟೆ. ಕಾಲು ಗಂಟೆಗೆ ಎಂದುಕೊಂಡು. ಆಮೇಲೆ ಹೂ ಪೋಣಿಸಿದೆ, ರಂಗೋಲಿ ಹಾಕಿದೆ, ಮಂಗಳಾರತಿ ಆಯಿತು, ಮಂಡಕ್ಕಿ ಹಂಚಿದರು, ಮನೆಗೆ ಹೋಗಿ ಹೋಳಿಗೆ ಉಂಡೆ. ಲೆಕ್ಕದಮ್ಮ ಮರೆತಳು ಗಿರಿಜಕ್ಕ. ಆ ಕಟ್ಟೆ ಪೂರ್ವಕ್ಕಿದೆ ಎಂಬುದೂ ನೆನಪಾಗಲಿಲ್ಲ. ಮಳೆ ಹಿಂದೆ ಸರಿದ ಮೇಲಿನ ಬಿಸಿಲು, ಗೋಡೆಯ ನೆರಳು ಬರುವ ತನಕ — ಹನ್ನೊಂದೂವರೆಯ ತನಕ.

ಮಾರನೆಯ ಬೆಳಿಗ್ಗೆ ಎಣಿಸಲು ಬಂದವಳು ಖಾಲಿ ಕಪಾಟು ನೋಡಿ ಅಂಗಳಕ್ಕೆ ಓಡಿದೆ. ತಟ್ಟೆ ಅಲ್ಲೇ ಇತ್ತು. ಆದರೆ ಅಗಲವಾದ ಪರಾತದಲ್ಲಿ ತಣ್ಣೀರು ತುಂಬಿ ಯಾರೋ ಅದನ್ನು ಅದರೊಳಗೆ ಇಳಿಸಿದ್ದರು, ಲೋಟದ ನೀರು ಕಾಯದಿರಲಿ ಎಂದು. ತಟ್ಟೆಯ ಅಂಚಿನಲ್ಲಿ ಒಂದು ಬೊಟ್ಟು ಕುಂಕುಮ, ಪಕ್ಕದಲ್ಲಿ ಒಂದು ಹಳದಿ ಶೇವಂತಿಗೆ. ಯಾರೋ ಅಲ್ಲ, ನೀವು. ನಾನು ಬೇಕೆಂದೇ ಅಲ್ಲಿ ಇಟ್ಟಿದ್ದೇನೆಂದು ತಿಳಿದು ನೀವು ತಟ್ಟೆಯನ್ನು ಕದಲಿಸಿರಲಿಲ್ಲ. ನಿಮಗೆ ತೋಚಿದಂತೆ ಮರಿಗಳನ್ನು ಕಾಪಾಡಿ, ಎಲ್ಲ ಆಯುಧಕ್ಕೂ ಆದ ಪೂಜೆ ಅವಕ್ಕೂ ಆಗಲಿ ಎಂದು ಬೊಟ್ಟು ಇಟ್ಟಿದ್ದಿರಿ. ಬೊಟ್ಟು ಒಣಗಿ ಗಟ್ಟಿಯಾಗಿ ಅಂಟಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಒಂದು ಕಣವೂ ಉದುರಿರಲಿಲ್ಲ.

ಎಣಿಸಿದೆ. ಪುಡಿಯ ಮೊದಲ ಲೋಟ ಅಲುಗಿಸಿ — ಒಂದು, ಎರಡು, ಹದಿನೈದರವರೆಗೆ. ಐದೂ ತಳದಲ್ಲಿ. ಎರಡನೆಯದರಲ್ಲೂ ಐದು. ಮೂರರಲ್ಲಿ ಒಂದು ಮಾತ್ರ ಮೇಲಕ್ಕೆ ಹಾರಿತು, ನಾಲ್ಕರಲ್ಲಿ ಒಂದು. ಇಪ್ಪತ್ತರಲ್ಲಿ ಹದಿನೆಂಟು ಹೋಗಿದ್ದವು. ಬರಿ ನೀರಿನ ಲೋಟಗಳು ನಾನು ಮುಟ್ಟುವ ಮೊದಲೇ ಕುಣಿಯುತ್ತಿದ್ದವು. ಇಪ್ಪತ್ತರಲ್ಲಿ ಹೋದದ್ದು ಒಂದು.

ಸೂಕ್ಷ್ಮದರ್ಶಕದ ಹೂ ಸರಿಸಿ, ಸತ್ತ ಒಂದು ಮರಿಯನ್ನು ಕೆಳಗಿಟ್ಟೆ. ನೀವು ಮೊದಲ ದಿನ ಕಂಡ ಹಸಿರು ದಾರದ ಜಾಗದಲ್ಲಿ ಬಿಳಿಯ ದಾರ. ಬಾಯಿಂದ ತುದಿಯವರೆಗೆ ಪುಡಿ ತುಂಬಿಕೊಂಡಿತ್ತು. ಆಗ ನನಗೆ ಭಯವಾಗಲಿಲ್ಲ — ಇದನ್ನೂ ಒಪ್ಪಿಕೊಳ್ಳಬೇಕು — ಮೈ ಜುಮ್ಮೆಂದಿತು. ಕಪಾಟಿನ ಬೆಳಕಿನಲ್ಲಿ ಒಂದಿಡೀ ದಿನ ಸುಮ್ಮನಿದ್ದ ಪುಡಿ, ಸುಮಾರು ನಾಲ್ಕು ಗಂಟೆ ಬಿಸಿಲು ಕಂಡದ್ದೇ ಬೇರೆ ಏನೋ ಆಗಿತ್ತು. ಬಿಸಿಲೊಂದೇ ಕೊಂದಿರಲಿಲ್ಲ, ಪಕ್ಕದ ಲೋಟ ಅದೇ ಬಿಸಿಲಿನಲ್ಲಿ ಬದುಕಿತ್ತು. ಪುಡಿಯೊಂದೇ ಕೊಂದಿದ್ದರೆ ಮೊದಲ ದಿನವೇ... ಎರಡೂ ಕೂಡಬೇಕಿತ್ತು. ಕಣ್ಣಿಗೆ ಕಾಣದ ಒಂದು ಕಣ, ಕೋಟಿ ಕೋಟಿ ಮೈಲಿ ದಾಟಿ ಬಂದ ಬೆಳಕು, ಸಾಸಿವೆಯಷ್ಟೂ ಇಲ್ಲದ ಒಂದು ಹೊಟ್ಟೆಯೊಳಗೆ ಸೇರುವುದು — ನಾನು ಸ್ಟೂಲಿನ ಮೇಲೆ ಹಾಗೇ ಕೂತುಬಿಟ್ಟೆ. ನೀರು ಬಿಸಿಯಾಗಿ ಸತ್ತವೇನೋ ಎಂಬ ಸಂಶಯವನ್ನೂ ನಿಮ್ಮ ಪರಾತ ಅಳಿಸಿಹಾಕಿತ್ತು. ಎಂ.ಎಸ್ಸಿ. ಓದಿದವಳಿಗೆ ಹೂಡಲು ಹೊಳೆಯದ ಪ್ರಯೋಗವನ್ನು ನೀವು ಒಂದು ಪರಾತ ನೀರಿನಿಂದ ಸರಿಮಾಡಿ ಇಟ್ಟಿದ್ದಿರಿ. ಕೆರೆಯ ಮೇಲೆ ಟ್ಯೂಬ್‌ಲೈಟ್ ಇರುವುದಿಲ್ಲ. ಅಷ್ಟು ಸಣ್ಣ ಮಾತು ಅಷ್ಟು ದಿನ ನನಗೆ ತೋಚಿರಲಿಲ್ಲ.

ದಿನಚರಿಯಲ್ಲಿ ಬರೆದೆ: ಪುಡಿ, ಬಿಸಿಲು — ಹದಿನೆಂಟು. ಬರಿ ನೀರು, ಬಿಸಿಲು — ಒಂದು.

ಅಷ್ಟರಲ್ಲಿ ಸರ್ ಸ್ಕೂಟರಿನ ಸದ್ದು ಕೇಳಿತು.

ಆಗ ನನ್ನ ಬಳಿ ಇದ್ದ ಒಂದೇ ಆಸ್ತಿಯೆಂದರೆ ಮರೆಯದವಳು, ತಪ್ಪದವಳು ಎಂಬ ಹೆಸರು. ಬದುಕಿದ್ದ ಹತ್ತೊಂಬತ್ತನ್ನು ಸರ್ ನೋಡಿದರೆ ಇದು ಬಿಸಿಲಿನ ಫಲ ಎಂದು ಅವರಿಗೆ ಕೂಡಲೇ ಹೊಳೆಯುತ್ತದೆ. ಬಿಸಿಲಿಗೆ ಇಟ್ಟವರು ಯಾರು ಎಂದು ಕೇಳುತ್ತಾರೆ. ಎಲ್ಲವೂ ಸತ್ತಿದ್ದರೆ ಅದು ಬರಿ ಕೆಟ್ಟ ಪರೀಕ್ಷೆ. ಎಂಟೂ ಲೋಟಗಳನ್ನು ಒಂದೊಂದಾಗಿ ಸಿಂಕಿಗೆ ಸುರಿದೆ. ಕೊನೆಯದನ್ನು ಸುರಿಯುವಾಗ ಒಂದು ಮರಿ ಗಾಜಿನ ಗೋಡೆಗೆ ಅಂಟಿ ಉಳಿಯಿತು. ಅದಕ್ಕೆ ಮತ್ತೆ ನೀರು ಹಾಕಿ...

ಖಾಲಿ ಲೋಟಗಳನ್ನೂ ಕುಂಕುಮದ ತಟ್ಟೆಯನ್ನೂ ನೋಡಿ ಸರ್ ಕೇಳಿದರು, "ಏನ್ರೀ ಚೈತ್ರಾ, ಏನಾತು?"

"ಗಿರಿಜಕ್ಕ ಪೂಜೆಗೆ ಅಂತ ಹೊರಗೆ ತಂದಿಟ್ಟಿದ್ದಾರೆ ಸರ್. ಕುಂಕುಮ ಬಿದ್ದು ಸತ್ತಿದಾವೆ."

"ಬರಿ ನೀರಿನವೂ?"

"ಎರಡೂ ಕಡೆ, ಸರ್."

ನಿಮ್ಮನ್ನು ಕರೆದರು. ಆರತಿ ತಟ್ಟೆ ಹಿಡಿದೇ ಬಂದಿರಿ. ಲೋಟದ ತಟ್ಟೆಯ ಅಂಚಿಗೆ ಕುಂಕುಮ ಇಟ್ಟಿದ್ದೆ, ಬಿದ್ದಿರಬೌದು ಅಂದಿರಿ. ಹೊರಗೆ ತಂದವರು ನೀವೇನಾ ಎಂದು ಸರ್ ಕೇಳಿದಾಗ ನನ್ನ ಮುಖ ನೋಡಿದಿರಿ. ಅಲ್ಲಿ ಇಟ್ಟದ್ದು ನಾನೆಂದು ನಿಮಗೆ ಗೊತ್ತಿತ್ತು. ಎಷ್ಟು ಹೊತ್ತು ನೋಡಿದಿರೋ — ಜೀವನದಲ್ಲಿ ಅದೊಂದನ್ನು ನಾನು ಎಣಿಸಲಿಲ್ಲ.

"ಹೌದು ಸರ್, ನಾನೇ," ಅಂದಿರಿ.

ಆ ಚಿಕ್ಕ ಸುಳ್ಳನ್ನು ನನಗಾಗಿ ಹೊತ್ತುಕೊಂಡಿರಿ. ಆದರೆ ದೊಡ್ಡದನ್ನು, ಕುಂಕುಮದ ಸುಳ್ಳನ್ನು, ನೀವು ನಂಬಿದಿರಿ. ಅಂದು ಸಂಜೆ ಮರಿಗಳ ತೊಟ್ಟಿಯ ಮುಂದೆ ನಿಂತು ನೀವು ಕೈ ಮುಗಿದದ್ದನ್ನು ಬಾಗಿಲಿನಿಂದ ನೋಡಿದೆ. ನೋಡಿ, ಒಳಗೆ ಬರಲಿಲ್ಲ.

ಸರ್ ನಿಮ್ಮ ಕೈಯಿಂದ ಕೋಣೆಯ ಕೀಲಿ ಇಸಿದುಕೊಂಡು ನನಗೆ ಕೊಟ್ಟರು. ವಿಜಯದಶಮಿಯ ದಿನ ರಿಜಿಸ್ಟರಿನಲ್ಲಿ ಒಂದು ಸಾಲಾದರೂ ಬರೆದು ಕೆಲಸ ಶುರು ಮಾಡುವುದು ನಮ್ಮಲ್ಲಿ ಪದ್ಧತಿ. ನಿಮ್ಮ ಅಕ್ಷರ ಚಂದ, ನೀವೇ ಬರೀರಿ ಎಂದು ಪುಸ್ತಕವನ್ನು ನನ್ನ ಮುಂದಿಟ್ಟರು. ಆ ವರ್ಷದ ಮಂಗಳದ ಮೊದಲ ಸಾಲು ನನ್ನದು: ಎಂಟೂ ಲೋಟ ಕಲುಷಿತ, ಪರೀಕ್ಷೆ ರದ್ದು.

ಪರೀಕ್ಷೆಯನ್ನು ಮತ್ತೆ ಕಪಾಟಿನಲ್ಲಿ, ಟ್ಯೂಬ್‌ಲೈಟಿನಡಿ ಮಾಡಿದೆ. ಪುಡಿಯ ಲೋಟಗಳಲ್ಲಿ ಹೋದದ್ದು ಒಂದೇ. ಪರೀಕ್ಷೆ ನಡೆಸಿದ ಸ್ಥಿತಿಯಲ್ಲಿ ಗಮನಾರ್ಹ ಹಾನಿ ಕಂಡುಬಂದಿಲ್ಲ ಎಂದು ವರದಿ ಹೋಯಿತು. ಅದರಲ್ಲಿ ಸುಳ್ಳಿನ ಪದ ಒಂದೂ ಇಲ್ಲ. ಜಡೆಯ ಗದ್ದೆಗಳಿಗೆ ಪುಡಿ ಬಿತ್ತು. ಅಲ್ಲಿಂದ ಎಷ್ಟು ಕೆರೆಗೆ ಇಳಿಯಿತು, ಕೆಸರು ಎಷ್ಟನ್ನು ಹಿಡಿದಿಟ್ಟಿತು, ಕೊಳೆತ ಎಲೆಯ ಕಂದು ನೀರು ಎಷ್ಟು ಬಿಸಿಲನ್ನು ತಡೆಯಿತು — ನನಗೆ ಗೊತ್ತಿಲ್ಲ. ಲೋಟದಲ್ಲಿ ಆದದ್ದು ಕೆರೆಯಲ್ಲೂ ಆಗಿಯೇ ಇದೆ ಎಂದು ನಾನು ಹೇಳಲಾರೆ. ಆಗಿರಲಾರದು ಎಂದು ಹೇಳುವ ಹಕ್ಕು ನನಗೆ ಮೊದಲೇ ಇರಲಿಲ್ಲ. ಬಿಸಿಲು ತಾಗಿದರೆ ಈ ಪುಡಿ ತೀಕ್ಷ್ಣವಾಗುತ್ತದೆ ಎಂದು ಆಮೇಲೆ ಪುಸ್ತಕಗಳಲ್ಲೂ ಓದಿದೆ. ದೂರದವರೆಲ್ಲ ತಿಳಿದುಕೊಂಡದ್ದನ್ನು ನಮ್ಮ ಕಟ್ಟೆಯ ಮೇಲೆ ಕಂಡವಳು ನಾನು, ಕಂಡು ತೊಳೆದುಹಾಕಿದವಳು.

ಸಂಕ್ರಾಂತಿಗೆ ಮೊದಲೇ ನೀವು ಕೆಲಸ ಬಿಟ್ಟಿರಿ. ಬಸ್ಸು ದೂರ ಅಂದಿರಿ. ಆರು ವರ್ಷ ದೂರವಾಗದ ಬಸ್ಸು. ನಿಮ್ಮ ಕೈಯಲ್ಲಿ ಒಮ್ಮೆಯೂ ಸಾಯದ ಮರಿಗಳ ಸಂಸಾರ ನನ್ನ ಕೈಯಲ್ಲಿ ಎರಡು ಸಲ ಪೂರ್ತಿ ಸತ್ತಿತು.

ಹೋದ ತಿಂಗಳು ಗುಡವಿಯಿಂದ ಕೆರೆ ನೀರು ತರುವಾಗ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ನೀವೇ ನನ್ನನ್ನು ಗುರುತು ಹಿಡಿದಿರಿ. "ಲೆಕ್ಕದಮ್ಮ, ಎಷ್ಟಾತೆ ಇವತ್ತಿನ ಕೊಕ್ಕರೆ?" ಅಂದಿರಿ. ಮರಿಗಳನ್ನು ಕೇಳಿದಿರಿ, ಒಂದೊಂದು ತೊಟ್ಟಿಯನ್ನೂ ನೆನೆದು ಕೇಳಿದಿರಿ. ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದೇನೆ, ಕೆಲಸ ಚೆನ್ನಾಗಿದೆ ಅಂದಿರಿ. ಆಯುಧಪೂಜೆಗೆ ಮಿಷನ್ನಿಗೆ ನೀವು ಕುಂಕುಮ ಇಡುವುದಿಲ್ಲವಂತೆ, ಸೊಸೆ ಇಡುತ್ತಾಳಂತೆ. ಯಾಕೆ ಎಂದು ಕೇಳಿದೆ — ಯಾಕೆ ಎಂದು ಗೊತ್ತಿದ್ದೂ ಕೇಳಿದೆ.

"ನನ್ ಕೈ ಕುಂಕುಮ ಜೀವ ತೆಗಿತದೆ ಮಾರಾಯ್ತಿ. ಸುಮ್ನೆ ಯಾಕೆ."

ನಗುತ್ತಲೇ ಹೇಳಿದಿರಿ. ಬಸ್ಸು ಬಂತು, ಹತ್ತಿದಿರಿ, ಕಿಟಕಿಯಿಂದ ಕೈ ಬೀಸಿದಿರಿ.

ಅದಾದ ಮೇಲೆ ಮೂರು ಭಾನುವಾರ ಅದೇ ಕಟ್ಟೆಯ ಮೇಲೆ, ಅದೇ ಪರಾತದಲ್ಲಿ, ಎಂಟು ಲೋಟ ಇಟ್ಟೆ. ಒಂದು ಭಾನುವಾರ ತಟ್ಟೆಯ ಅಂಚಿಗೆ ಕುಂಕುಮವನ್ನೂ ಇಟ್ಟೆ. ಮೂರು ಸಲವೂ ಅದೇ: ಪುಡಿಯ ಲೋಟದಲ್ಲಿ ಸಾವು, ಬರಿ ನೀರಿನಲ್ಲಿ ಕುಣಿತ. ಕುಂಕುಮದ ಭಾನುವಾರವೂ ಬರಿ ನೀರಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಬದುಕಿದ್ದವು. ಲೆಕ್ಕವನ್ನೂ ಹಳೆಯ ದಿನಚರಿಯನ್ನೂ ಸರ್ ಮುಂದಿಟ್ಟು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನೇ ಆಕೀ ಕೈಯಿಂದ ಕೀಲಿ ಇಸ್ಕೊಂಡೆನಲ್ರೀ," ಅಂದರು. ಆಮೇಲೆ ಪುಡಿ ಕಳಿಸಿದವರಿಗೆ, ವರದಿ ಹಿಂತೆಗೆದುಕೊಳ್ಳುತ್ತೇವೆ, ಬಿಸಿಲಿನ ಪರೀಕ್ಷೆ ಆಗುವವರೆಗೆ ಸಿಂಪಡಣೆ ನಿಲ್ಲಿಸಿ ಎಂದು ಬರೆದರು. ನನ್ನ ಕೆಲಸದ ವಿಷಯ ಅವರು ಯೋಚಿಸುತ್ತಿದ್ದಾರೆ. ಯೋಚಿಸಲಿ. ರಿಜಿಸ್ಟರಿನ ಆ ಸಾಲನ್ನು ಹೊಡೆದುಹಾಕಲಿಲ್ಲ. ಕೆಳಗೆ ನಿಜವನ್ನು ಬರೆದು, ನನ್ನ ಹೆಸರು ಹಾಕಿ, ಇಂದಿನ ದಿನಾಂಕ ಹಾಕಿದ್ದೇನೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ ಗಿರಿಜಕ್ಕ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಜಡೆಗೆ ಬಂದು, ನಿಮ್ಮ ಎದುರು ಕೂತು, ಮೊದಲ ಸಾಲಿನಿಂದ ಓದುತ್ತೇನೆ. ಓದಿ ಮುಗಿದ ಮೇಲೆ ನೀವು ಏನನ್ನಾದರೂ ಹೇಳಬಹುದು. ಏನನ್ನೂ ಹೇಳದೆ ಇರಬಹುದು. ಆಗ ನಾನು ಹದಿನೈದು ಎಣಿಸುವುದಿಲ್ಲ. ಕೂತಿರುತ್ತೇನೆ.